ಹೊಸ ಟ್ರೇಲರ್ ಸೋರಿದರೆ ಯಾರ ಬಾಗಿಲು ತಟ್ಟಬೇಕು?

ಅಪ್ಪ ಅಮ್ಮ ಊರಿನಿಂದ ಬಂದಿದ್ದ ಬೇಸಿಗೆ ಅದು. 26 ಅಡಿಯ ಹೊಸ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮನೆ, ಮನೆಗೆ ತಂದು ಆರು ವಾರ ಆಗಿತ್ತು, ಅಷ್ಟೇ. ಓಹಾಯೋದ ಹಾಕಿಂಗ್ ಹಿಲ್ಸ್‌ನಲ್ಲಿ ಎರಡನೇ ರಾತ್ರಿ ಮಳೆ ಹಿಡಿಯಿತು. ಬೆಳಗ್ಗೆ ಕಾಫಿ ಲೋಟ ಹಿಡಿದು ಊಟದ ಮೇಜಿನ ಹತ್ತಿರ ಹೋದ ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರು. "ಏನೋ ಇದು, ಕೆಳಗೆಲ್ಲ ಒದ್ದೆ. ಇಷ್ಟು ದುಡ್ಡು ಸುರಿದು ತಗೊಂಡಿದ್ದೂ ಸೋರುತ್ತಾ?"

ವಾರಂಟಿ ಇದೆ ಬಿಡಪ್ಪ, ಎಂದೆ.

ರಿಪೇರಿಯಾಗಿ ಟ್ರೇಲರ್ ವಾಪಸ್ ಬಂದಿದ್ದು ಏಳು ವಾರದ ಮೇಲೆ. ಅದರಲ್ಲಿ ಮೂರು ವಾರ ಹಾಳಾಗಿದ್ದು ನನ್ನದೇ ತಪ್ಪಿಗೆ, ಅದನ್ನು ಮುಂದೆ ಹೇಳುತ್ತೇನೆ. ಆಮೇಲೆ ನಮ್ಮ ಬಳಗದಲ್ಲಿ ಇಬ್ಬರು ಮೂವರು ಟ್ರೇಲರ್ ಕೊಳ್ಳುವ ಯೋಚನೆಯಲ್ಲಿ ನನಗೆ ಫೋನ್ ಮಾಡಿದರು. ಎಲ್ಲರಿಗೂ ಅದೇ ಪುರಾಣ ಹೇಳಿ ಹೇಳಿ ಸಾಕಾಗಿ ಈಗ ಒಂದೇ ಸಲ ಬರೆದು ಹಾಕುತ್ತಿದ್ದೇನೆ. ಇದೆಲ್ಲ ಅಮೆರಿಕದ ಮಾತು.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಟ್ರೇಲರ್ ಕಾರಿನ ಹಾಗಲ್ಲ. ಟೊಯೋಟಾ ಕಾರು ಕೆಟ್ಟರೆ ಯಾವ ಊರಿನ ಟೊಯೋಟಾ ಡೀಲರ್ ಹತ್ತಿರ ಹೋದರೂ ವಾರಂಟಿಯಲ್ಲಿ ಮಾಡಿಕೊಡುತ್ತಾರೆ ಅಲ್ವಾ? ಇಲ್ಲಿ ಆ ನಂಬಿಕೆ ಬೇಡ. ಟ್ರೇಲರ್ ಡೀಲರ್ ತನ್ನದೇ ಅಂಗಡಿ ನಡೆಸುವ ಸ್ವತಂತ್ರ ವ್ಯಾಪಾರಿ. ಬೇರೆ ಕಡೆ ಕೊಂಡ ಗಾಡಿಯ ವಾರಂಟಿ ಕೆಲಸ ನಾವು ಮಾಡಲ್ಲ ಎಂದು ಎಷ್ಟೋ ಕಡೆ ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಬೇರೆ ರಾಜ್ಯದಲ್ಲಿ ಎರಡು ಸಾವಿರ ಡಾಲರ್ ಕಡಿಮೆಗೆ ಸಿಗುತ್ತದೆ ಎಂದು ಓಡುವ ಮೊದಲು ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಎರಡನೆಯದು, ನಿಮ್ಮ ಹತ್ತಿರ ಇರುವುದು ಒಂದೇ ವಾರಂಟಿ ಅಲ್ಲ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಈ ದೇಶದ ಬಹುಪಾಲು ಟ್ರೇಲರ್‌ಗಳು ತಯಾರಾಗುತ್ತವೆ. ಹೆಸರು ನೂರಾರು ಇದ್ದರೂ ಹಿಂದೆ ಇರುವ ದೊಡ್ಡ ಕಂಪನಿಗಳು ಮೂರೇ: ಥಾರ್, ಫಾರೆಸ್ಟ್ ರಿವರ್, ವಿನ್ನೆಬೇಗೊ. ಇವರು ಕಟ್ಟುವುದು ಗೋಡೆ, ನೆಲ, ಛಾವಣಿ, ವೈರಿಂಗ್, ಪೈಪು. ಒಳಗಿನ ಫ್ರಿಜ್ಜು ಮತ್ತು ಎಸಿ ಡೊಮೆಟಿಕ್ ಅಥವಾ ಇನ್ಯಾರದೋ, ನೀರು ಕಾಯಿಸುವ ಯಂತ್ರ ಎಷ್ಟೋ ಸಲ ಸಬರ್ಬನ್ನದು, ಆಕ್ಸಲ್ ಮತ್ತು ಸ್ಲೈಡ್ (ಗಾಡಿ ನಿಂತಾಗ ಹೊರಗೆ ಚಾಚುವ ಕೋಣೆಯ ಭಾಗ) ಹೊರತಳ್ಳುವ ಯಂತ್ರ ಹೆಚ್ಚಾಗಿ ಲಿಪ್ಪರ್ಟ್‌ನದು, ಟೈರು ಮತ್ತೊಬ್ಬರದು. ಒಬ್ಬೊಬ್ಬರಿಗೂ ಬೇರೆ ವಾರಂಟಿ, ಬೇರೆ ಅವಧಿ, ಬೇರೆ ಫೋನ್ ನಂಬರ್. ಫ್ರಿಜ್ಜು ತಣ್ಣಗಾಗದಿದ್ದರೆ ಟ್ರೇಲರ್ ಕಂಪನಿ ಫ್ರಿಜ್ಜಿನವರ ಕಡೆ ಬೆರಳು ತೋರಿಸುತ್ತದೆ, ಫ್ರಿಜ್ಜಿನವರು ಗಾಳಿ ಆಡಲು ಜಾಗ ಬಿಡದೆ ಕೂರಿಸಿದ್ದಾರೆ ಎಂದು ಟ್ರೇಲರ್ ಕಂಪನಿ ಕಡೆ ತೋರಿಸುತ್ತಾರೆ. ಮಧ್ಯದಲ್ಲಿ ನಾವು.

ಹಾಗಾಗಿ ಗಾಡಿ ಮನೆಗೆ ಬಂದ ವಾರವೇ ಒಂದು ಗಂಟೆ ಬಿಡುವು ಮಾಡಿಕೊಂಡು ಪ್ರತಿ ಯಂತ್ರದ ಮೇಲಿನ ಸ್ಟಿಕ್ಕರ್‌ನ ಫೋಟೋ ತೆಗೆಯಿರಿ. ವಾಟರ್ ಹೀಟರ್‌ನದು ಹೊರಗಿನ ಚಿಕ್ಕ ಬಾಗಿಲು ತೆಗೆದರೆ ಕಾಣುತ್ತದೆ. ಎಸಿಯದು ಎಷ್ಟೋ ಸಲ ಛಾವಣಿಯ ಒಳಮುಚ್ಚಳ ತೆಗೆದು ಟಾರ್ಚ್ ಹಾಕಿದರೆ ಸಿಗುತ್ತದೆ. ಮಾಡೆಲ್ ನಂಬರ್, ಸೀರಿಯಲ್ ನಂಬರ್ ನೋಡಿಕೊಂಡು ಆಯಾ ಕಂಪನಿಯಲ್ಲಿ ರಿಜಿಸ್ಟರ್ ಮಾಡಿ. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 1423 ಎಂದಿದ್ದರೆ 2023ರ 14ನೇ ವಾರದಲ್ಲಿ ಮಾಡಿದ ಟೈರು. ಹೊಸ ಗಾಡಿಗೆ ಹಳೇ ಟೈರು ಬಂದಿದ್ದರೆ ಕೇಳಬೇಕಾದ್ದು ಅವತ್ತೇ.

ಕೊಳ್ಳುವ ಮೊದಲು

ವಾರಂಟಿ ಪತ್ರ ಸಹಿ ಹಾಕುವ ಮೊದಲೇ ಕೇಳಿ ಓದಿ. ಕೇಳುವುದಕ್ಕೆ ಸಂಕೋಚ ಬೇಡ. 1975ರ ಮ್ಯಾಗ್ನಸನ್ ಮಾಸ್ ಎಂಬ ವಾರಂಟಿ ಕಾನೂನಿನ ಕೆಳಗೆ ಬಂದ ನಿಯಮದ ಪ್ರಕಾರ, 15 ಡಾಲರ್‌ಗಿಂತ ಹೆಚ್ಚು ಬೆಲೆಯ ಸಾಮಾನಿಗೆ ಬರಹದ ವಾರಂಟಿ ಇದ್ದರೆ ಅದನ್ನು ಮಾರುವ ಮೊದಲೇ ಗ್ರಾಹಕರಿಗೆ ನೋಡಲು ಸಿಗುವಂತೆ ಇಡಬೇಕು. ಮೂವತ್ತು ನಲವತ್ತು ಸಾವಿರದ ಟ್ರೇಲರ್‌ಗೆ ಕೇಳಲು ನಾಚಿಕೆ ಯಾಕೆ?

ಓದುವಾಗ ಅವಧಿ ಮೊದಲು ನೋಡಿ. ಬಹಳ ಕಡೆ ಮೂಲ ವಾರಂಟಿ ಒಂದೇ ವರ್ಷ. ನಾನು ಹೋಲಿಸಿ ನೋಡಿದಾಗ ಜೇಕೊ 2 ವರ್ಷ, ಏರ್‌ಸ್ಟ್ರೀಮ್ 3 ವರ್ಷ ಕೊಡುತ್ತಿದ್ದರು. ಗ್ರ್ಯಾಂಡ್ ಡಿಸೈನ್‌ನದು 1 ವರ್ಷ, ಅದರ ಜೊತೆಗೆ ಕಟ್ಟಡಕ್ಕೆ, ಅಂದರೆ ಚೌಕಟ್ಟು ಗೋಡೆಗಳಿಗೆ, 3 ವರ್ಷ. ಮಾಡೆಲ್ ವರ್ಷ ಬದಲಾದರೆ ಇವೂ ಬದಲಾಗಬಹುದು, ನಿಮ್ಮ ಕೈಯಲ್ಲಿರುವ ಪತ್ರವೇ ಸತ್ಯ.

ಆಮೇಲೆ ಏನೇನು ಸೇರಿಲ್ಲ ಎನ್ನುವ ಭಾಗ. ಬಾಡಿಗೆಗೆ ಬಿಟ್ಟರೆ ವಾರಂಟಿ ಇಲ್ಲ ಎಂದು ಬಹಳ ಪತ್ರಗಳಲ್ಲಿ ಇರುತ್ತದೆ. ವರ್ಷವಿಡೀ ಅದರಲ್ಲೇ ವಾಸ ಮಾಡಿದರೂ ಅಷ್ಟೇ. ಬಾಗಿಲ ಚಿಲಕ ಸರಿಪಡಿಸುವುದು, ಡ್ರಾಯರ್ ಕೂರಿಸುವುದು ಇಂಥ ಸಣ್ಣ ಹೊಂದಾಣಿಕೆ ಕೆಲಸಗಳನ್ನು ಮೊದಲ 90 ದಿನ ಮಾತ್ರ ಮಾಡಿಕೊಡುವವರೂ ಇದ್ದಾರೆ. ಇನ್ನೊಂದು ಸಾಲು ಹುಡುಕಿ: ತಕರಾರು ಬಂದರೆ ಇಂಡಿಯಾನಾದ ಕೋರ್ಟಿಗೇ ಬರಬೇಕು ಎನ್ನುವುದು. ಅರಿಜೋನಾದಲ್ಲಿ ಇರುವವರಿಗೆ ಇದು ಎಂಥ ಬಿಸಿ ಎಂದು ಯೋಚಿಸಿ. ಪದೇ ಪದೇ ಕೆಡುವ ಹೊಸ ಗಾಡಿಗೆ ಪರಿಹಾರ ಕೊಡಿಸುವ ಲೆಮನ್ ಲಾ ಇದೆಯಲ್ಲ ಎಂದು ಕೂರಬೇಡಿ. ಆ ಕಾನೂನು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಟೆಕ್ಸಾಸ್‌ನಲ್ಲಿ ಎಳೆಯುವ ಟ್ರೇಲರ್‌ಗೂ ಅನ್ವಯಿಸುತ್ತದೆ, ಎಷ್ಟೋ ರಾಜ್ಯಗಳಲ್ಲಿ ಇಲ್ಲ.

ಡೀಲರ್ ಹೇಗೆ ಎಂದು ತಿಳಿಯಲು ಒಂದು ಉಪಾಯ. ಮಾರಾಟದವರನ್ನು ಕೇಳಬೇಡಿ, ಅವರು ಸಕ್ಕರೆ ಮಾತೇ ಆಡುತ್ತಾರೆ. ಮೇ ತಿಂಗಳಲ್ಲಿ ನೇರ ಸರ್ವಿಸ್ ಕೌಂಟರ್‌ಗೆ ಫೋನ್ ಮಾಡಿ, ನಿಮ್ಮಲ್ಲೇ ಕೊಂಡ ಗಾಡಿಯ ಸ್ಲೈಡ್ ಸೋರುತ್ತಿದ್ದರೆ ಯಾವತ್ತಿಗೆ ದಿನ ಕೊಡುತ್ತೀರಿ ಎಂದು ಕೇಳಿ. ಮುಂದಿನ ವಾರ ಎಂದರೆ ಒಂದು ಕಥೆ, ಜುಲೈ ಕೊನೆಗೆ ಎಂದರೆ ಇನ್ನೊಂದು ಕಥೆ. ನಾನು ಈ ಫೋನ್ ಮಾಡಿರಲಿಲ್ಲ.

ಗಾಡಿ ತರುವ ದಿನ

ಅರ್ಧ ದಿನ ಇಟ್ಟುಕೊಳ್ಳಿ. ಮಕ್ಕಳನ್ನು ಯಾರದಾದರೂ ಮನೆಯಲ್ಲಿ ಬಿಟ್ಟು ಹೋಗಿ. ನೀರು, ಕರೆಂಟು, ಗ್ಯಾಸು ಮೂರೂ ಜೋಡಿಸಿ ತೋರಿಸಿ ಎಂದು ಮೊದಲೇ ಹೇಳಿರಿ. ಪ್ರತಿ ನಲ್ಲಿ ಬಿಟ್ಟು ಕೆಳಗಿನ ಬೀರುವಿಗೆ ಕೈ ಹಾಕಿ ನೋಡಿ. ಟಿಶ್ಯೂ ಪೇಪರ್ ಪೈಪಿನ ಸುತ್ತ ಒತ್ತಿದರೆ ಒಂದು ಹನಿ ಇದ್ದರೂ ಗೊತ್ತಾಗುತ್ತದೆ. ಸ್ಲೈಡ್ ಮೂರು ಸಲ ಒಳಗೆ ಹೊರಗೆ ಆಡಿಸಿ. ಫ್ರಿಜ್ಜು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಹಾಗಾಗಿ ಹಿಂದಿನ ರಾತ್ರಿಯೇ ಹಾಕಿಡಲು ಹೇಳಿ.

ಕೆಟ್ಟದ್ದು ಕಂಡರೆ "ಆಮೇಲೆ ಮಾಡಿಕೊಡ್ತೀವಿ" ಎನ್ನುತ್ತಾರೆ. ಸರಿ, ಡ್ಯೂ ಬಿಲ್‌ನಲ್ಲಿ (ಬಾಕಿ ಉಳಿದ ಕೆಲಸಗಳ ಚೀಟಿ) ಬರೆದು ಸಹಿ ಹಾಕಿ ಕೊಡಿ ಎನ್ನಿ. ಬಾಯಿಮಾತು ಗೇಟಿನ ಆಚೆ ಬಂದ ಮೇಲೆ ಇಲ್ಲ. ನಿಮಗೆ ಧೈರ್ಯ ಸಾಲದಿದ್ದರೆ ಟ್ರೇಲರ್ ನೋಡಿ ವರದಿ ಕೊಡುವ ಸ್ವತಂತ್ರ ಇನ್‌ಸ್ಪೆಕ್ಟರ್‌ಗಳೂ ಸಿಗುತ್ತಾರೆ, ಹೊಸ ಗಾಡಿಗೂ ಬರುತ್ತಾರೆ.

ಅದೇ ದಿನ ಹಣಕಾಸಿನ ಕೋಣೆಯಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ಎಂದು ಒಂದು ಮಾರುತ್ತಾರೆ. ಅದು ತಯಾರಕರ ವಾರಂಟಿ ಅಲ್ಲ, ಹೆಚ್ಚಿನವು ಬೇರೊಂದು ಕಂಪನಿಯ ಸರ್ವಿಸ್ ಒಪ್ಪಂದ, ಅದಕ್ಕೆ ಅದರದ್ದೇ ಷರತ್ತು. ನಾನು ತಗೊಳ್ಳಲಿಲ್ಲ. ಅವತ್ತೇ ತಗೊಳ್ಳಲೇಬೇಕು ಎಂದು ಒತ್ತಾಯ ಮಾಡಿದರೆ ಅದೇ ಬೇಡ ಎನ್ನಲು ಒಳ್ಳೆ ಕಾರಣ.

ಮೊದಲ ಟ್ರಿಪ್ಪು ದೂರ ಬೇಡ. ಡೀಲರ್‌ನಿಂದ ಅರ್ಧ ಗಂಟೆ ದೂರದ ಕ್ಯಾಂಪಿನಲ್ಲಿ ಎರಡು ರಾತ್ರಿ ಇದ್ದು ಎಲ್ಲವನ್ನೂ ಬಳಸಿ, ಪಟ್ಟಿ ಮಾಡಿ. ಚಕ್ರದ ನಟ್ಟುಗಳನ್ನು ಹೊಸದರಲ್ಲಿ ತಯಾರಕರ ಪುಸ್ತಕ ಹೇಳುವಷ್ಟು ಮೈಲಿಗೊಮ್ಮೆ ಟಾರ್ಕ್ ರೆಂಚ್ ಹಾಕಿ ಬಿಗಿ ನೋಡಬೇಕು. ಇದು ವಾರಂಟಿಗಿಂತ ಪ್ರಾಣದ ವಿಷಯ.

ದೂರು ಬರೆಯುವ ಬಗೆ

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಳೆಯ ಮರುದಿನ ಡೀಲರ್‌ಗೆ ಫೋನ್ ಮಾಡಿ, ಕಾರ್ಪೆಟ್ ಒದ್ದೆಯಾಗಿದೆ, ಎಲ್ಲಿಂದಲೋ ಸೋರುತ್ತಿದೆ ಎಂದೆ. ಅವರು ಗಾಡಿ ತಂದು ಬಿಡಿ ಎಂದರು. ಬಿಟ್ಟು ಬಂದೆ. ಮೂರು ವಾರ ಅವರ ಅಂಗಳದಲ್ಲಿ ಬಿಸಿಲು ಕಾಯಿತು. ಕೊನೆಗೆ ಸಿಕ್ಕ ವರ್ಕ್ ಆರ್ಡರ್‌ನಲ್ಲಿ ಎರಡೇ ಸಾಲು: ಕಾರ್ಪೆಟ್ ಒದ್ದೆ ಎಂದು ಗ್ರಾಹಕರು ಹೇಳುತ್ತಾರೆ. ಪರಿಶೀಲಿಸಿದೆವು, ಸೋರಿಕೆ ಕಾಣಲಿಲ್ಲ.

ಕಾಣುವುದಾದರೂ ಹೇಗೆ? ಆ ಮೂರು ವಾರ ಮಳೆಯೇ ಬಂದಿರಲಿಲ್ಲ.

ಅಲ್ಲಿನ ಲೆಕ್ಕಾಚಾರ ಗೊತ್ತಾದ ಮೇಲೆ ಅವರ ಮೇಲೆ ಸ್ವಲ್ಪ ಕೋಪ ಇಳಿಯಿತು. ವಾರಂಟಿ ಕೆಲಸಕ್ಕೆ ದುಡ್ಡು ಕೊಡುವುದು ನೀವಲ್ಲ, ತಯಾರಕರು. ಡೀಲರ್ ದೋಷ ಕಂಡುಹಿಡಿದು, ಫೋಟೋ ತೆಗೆದು, ಕಾರಣ ಬರೆದು ಕಾರ್ಖಾನೆಗೆ ಕಳಿಸಬೇಕು. ಅವರು ಒಪ್ಪಿಗೆ ಕೊಟ್ಟ ಮೇಲೆ ಪಾರ್ಟ್ಸ್ ಆರ್ಡರ್, ಅದು ಬಂದ ಮೇಲೆ ಕೆಲಸ. ಒಂದೊಂದು ಕೆಲಸಕ್ಕೂ ಇಷ್ಟು ಗಂಟೆ ಎಂದು ಕಾರ್ಖಾನೆ ಮೊದಲೇ ಕಟ್ಟಿಟ್ಟಿರುತ್ತದೆ, ಸೋರಿಕೆ ಹುಡುಕಲು ಮೆಕ್ಯಾನಿಕ್ ನಾಲ್ಕು ಗಂಟೆ ಒದ್ದಾಡಿದರೂ ನಾಲ್ಕು ಗಂಟೆಯ ಕೂಲಿ ಬರುತ್ತದೆ ಎಂದಿಲ್ಲ. ಕೈಯಿಂದ ಕಾಸು ಕೊಡುವ ಗಿರಾಕಿಯ ಗಾಡಿ ಮುಂದೆ ಹೋಗುತ್ತದೆ, ನಿಮ್ಮದು ಮೂಲೆಗೆ. ಸರಿ ಎನ್ನುತ್ತಿಲ್ಲ, ಹೀಗೆ ನಡೆಯುತ್ತದೆ ಎನ್ನುತ್ತಿದ್ದೇನೆ. ಅಂದರೆ ಹುಡುಕುವ ಕೆಲಸ ನೀವೇ ಎಷ್ಟು ಮಾಡಿಕೊಟ್ಟರೆ ಅಷ್ಟು ಬೇಗ ನಿಮ್ಮ ಗಾಡಿ ಒಳಗೆ ಹೋಗುತ್ತದೆ.

ಎರಡನೇ ಸಲ ಹಾಗೇ ಮಾಡಿದೆ. ಗಾಡಿ ಮನೆಗೆ ತಂದು ಸ್ಲೈಡ್ ಹೊರಗೆ ಹಾಕಿದೆ. ಹೆಂಡತಿ ಹೊರಗೆ ತೋಟದ ಪೈಪು ಹಿಡಿದಳು, ನಾನು ಒಳಗೆ ಫೋನು ಮತ್ತು ಟಾರ್ಚ್. ಕೆಳಗಿನಿಂದ ಶುರು ಮಾಡಿ ಒಂದೊಂದು ಜಾಗಕ್ಕೆ ಐದೈದು ನಿಮಿಷ ನೀರು, ಆಮೇಲೆ ಒಂದಡಿ ಮೇಲೆ. ಪೈಪಿನ ಬಾಯಿ ಅಮುಕಿ ಜೋರಾಗಿ ಹೊಡೆಯಬಾರದು, ಮಳೆ ಥರ ಸುಮ್ನೆ ಹರಿಯಬೇಕು. ಮೇಲಿಂದ ಶುರು ಮಾಡಿದರೆ ನೀರು ಕೆಳಗೆಲ್ಲ ಇಳಿದು ಎಲ್ಲಿಂದ ಬಂತು ಎಂದೇ ಗೊತ್ತಾಗಲ್ಲ. ಸ್ಲೈಡಿನ ಹಿಂದಿನ ಮೇಲ್ಮೂಲೆಗೆ ಬಂದಾಗ ನಾಲ್ಕನೇ ನಿಮಿಷಕ್ಕೆ ಒಳಗೆ ಮರದ ಪಟ್ಟಿಯ ಹಿಂದಿನಿಂದ ಒಂದು ಹನಿ ಇಣುಕಿತು. ನಿಧಾನಕ್ಕೆ ದಪ್ಪ ಆಯಿತು, ಜಾರಿತು. ಹಿಂದೆಯೇ ಇನ್ನೊಂದು. ಇಷ್ಟು ಖುಷಿಯಿಂದ ಯಾವ ಸೋರಿಕೆಯನ್ನೂ ನೋಡಿಲ್ಲ.

ಆಮೇಲೆ ಫೋನ್ ಮಾಡಲಿಲ್ಲ, ಇಮೇಲ್ ಬರೆದೆ. ಅದರ ಸಾರ ಹೀಗೆ: ಕೊಂಡ ತಾರೀಕು ಇದು, ಗಾಡಿಯ ಗುರುತಿನ, ಅಕ್ಷರ ಅಂಕಿ ಸೇರಿ 17 ಇರುವ ವಿನ್ ನಂಬರ್ ಇದು. ರಸ್ತೆ ಬದಿಯ, ಅಂದರೆ ಚಾಲಕರ ಕಡೆಯ ಸ್ಲೈಡಿನ ಹಿಂದಿನ ಮೇಲ್ಮೂಲೆಯಲ್ಲಿ ನೀರು ಒಳಬರುತ್ತಿದೆ. ಆ ಜಾಗಕ್ಕೆ ನೀರು ಬಿಟ್ಟ ನಾಲ್ಕು ನಿಮಿಷಕ್ಕೆ ಶುರುವಾಗುತ್ತದೆ, ಬೇರೆ ಕಡೆ ಬಿಟ್ಟರೆ ಇಲ್ಲ. ವಿಡಿಯೋ ಜೊತೆಗಿದೆ. ಮೊದಲು ಕಂಡಿದ್ದು ಇಂಥ ದಿನ, ತಿಳಿಸಿದ್ದು ಇಂಥ ದಿನ. ತಯಾರಕರ ಕಸ್ಟಮರ್ ಸರ್ವಿಸ್‌ಗೂ ಅದೇ ಇಮೇಲ್ ಕಳಿಸಿದೆ. ಹೊರಗಿನ ಪಟ್ಟಿಯ ಕೆಳಗೆ ಸೀಲ್ ಮಡಚಿ ಹರಿದಿದೆ, ಸ್ಕ್ರೂ ಒಂದು ಮರಕ್ಕೇ ಸಿಕ್ಕಿಲ್ಲ ಎಂದು ಮೆಕ್ಯಾನಿಕ್ ಒಂದೇ ದಿನದಲ್ಲಿ ಕಂಡುಹಿಡಿದ.

ಡೀಲರ್ ಕೌಂಟರ್‌ನಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದರು, ನಮ್ಮವರಿಗೆ ಇದು ಮುಖ್ಯ: ಒಳಗೆ ತುಂಬಾ ಅಡುಗೆ ಮಾಡುತ್ತೀರಾ? ಚಳಿಯಲ್ಲಿ ಕಿಟಕಿ ಮುಚ್ಚಿಕೊಂಡು ಕುಕ್ಕರ್ ನಾಲ್ಕು ಸೀಟಿ ಹೊಡೆಸಿದರೆ ಗೋಡೆ ಮೇಲೆ, ಬೀರುವಿನ ಹಿಂದೆ ನೀರು ಕಟ್ಟುತ್ತದೆ. ಅದು ಸೋರಿಕೆ ಅಲ್ಲ, ಹಬೆ. ಅದರಿಂದ ಮರ ಉಬ್ಬಿದರೆ ವಾರಂಟಿಗೆ ಸೇರುವುದಿಲ್ಲ ಎಂದು ಪತ್ರದಲ್ಲೇ ಬರೆದಿರುವವರಿದ್ದಾರೆ. ಛಾವಣಿಯ ಫ್ಯಾನ್ ಹಾಕಿ, ಒಂದು ಕಿಟಕಿ ಬೆರಳಷ್ಟು ತೆಗೆದಿಡಿ. ನಾವು ಈಗ ಅನ್ನ ಸಾರು ಹೊರಗೇ ಮಾಡುತ್ತೇವೆ. ಒಗ್ಗರಣೆಗೆ ಹೊಗೆ ಅಲಾರಂ ಕೂಗುವುದೂ ತಪ್ಪಿತು.

ಗಾಡಿ ಬಿಡುವ ವಿಷಯದಲ್ಲಿ ಇನ್ನೊಂದು ಮಾತು. ಮೊದಲ ಭೇಟಿಯಲ್ಲಿ ನೋಡಿಸಿ, ಫೋಟೋ ತೆಗೆಸಿ, ವರ್ಕ್ ಆರ್ಡರ್ ಪ್ರತಿ ತಗೊಂಡು ಗಾಡಿ ವಾಪಸ್ ತನ್ನಿ. ಪಾರ್ಟ್ಸ್ ಕೈಗೆ ಬಂದ ಮೇಲೆ ತರುತ್ತೇನೆ ಎನ್ನಿ. ಬ್ರೇಕು, ಆಕ್ಸಲ್, ಗ್ಯಾಸ್ ಇಂಥ ಅಪಾಯದ ದೋಷ ಅಲ್ಲದಿದ್ದರೆ ಅಲ್ಲಿವರೆಗೆ ನಿಮ್ಮ ಅಂಗಳದಲ್ಲೇ ಇರಲಿ. ಸೋರಿಕೆಯಾದರೆ ಆ ಮೂಲೆಗೆ ಟಾರ್ಪಾಲು ಕಟ್ಟಿ, ಸೋರುವುದು ಗೊತ್ತಿದ್ದೂ ಹಾಗೇ ಬಿಟ್ಟಿರಿ ಎನ್ನುವ ಮಾತು ಬರಬಾರದು. ಬಿಟ್ಟು ಬರಲೇಬೇಕಾದರೆ ಹೊರಗೆ ನಾಲ್ಕೂ ಕಡೆ, ಒಳಗೆ, ಛಾವಣಿ, ಬ್ಯಾಟರಿ, ಗ್ಯಾಸ್ ಸಿಲಿಂಡರ್ ಎಲ್ಲದರ ಫೋಟೋ ತೆಗೆಯಿರಿ. ಫ್ರಿಜ್ಜು ಖಾಲಿ ಮಾಡಿ. ನಾನು ದೋಸೆ ಹಿಟ್ಟಿನ ಡಬ್ಬಿ ಮರೆತಿದ್ದೆ. ಮೂರು ವಾರದ ಮೇಲೆ ಬಾಗಿಲು ತೆಗೆದಾಗ ಆದದ್ದನ್ನು ಬರೆಯುವುದಿಲ್ಲ.

ಡೀಲರ್ ದೂರ ಇದ್ದರೆ ಅಥವಾ ಎರಡು ತಿಂಗಳ ಸರದಿ ಇದ್ದರೆ ಮನೆಗೇ ಬರುವ ಮೊಬೈಲ್ ಮೆಕ್ಯಾನಿಕ್‌ಗಳಿದ್ದಾರೆ. ಕೆಲವು ತಯಾರಕರು ಅವರ ಬಿಲ್ಲನ್ನೂ ಕೊಡುತ್ತಾರೆ, ಆದರೆ ಕೆಲಸಕ್ಕೆ ಮೊದಲು ಒಪ್ಪಿಗೆ ಬರಹದಲ್ಲಿ ಬೇಕು. ಮಾಡಿಸಿ ಆಮೇಲೆ ಬಿಲ್ ಕಳಿಸಿದರೆ ಇಲ್ಲ ಎನ್ನುತ್ತಾರೆ.

ನಿಮ್ಮ ಕಡೆಯ ದಾಖಲೆ

ಛಾವಣಿಯ ಸೀಲೆಂಟ್, ಅಂದರೆ ನೀರು ಇಳಿಯದಂತೆ ಸಂದುಗಳಿಗೆ ಹಾಕುವ ಅಂಟು, ನೋಡಿಕೊಳ್ಳುವುದು ಮಾಲೀಕರ ಕೆಲಸ. 90 ದಿನಕ್ಕೊಮ್ಮೆ ಹತ್ತಿ ನೋಡಬೇಕು ಎಂದು ಬಹಳ ತಯಾರಕರ ಪುಸ್ತಕದಲ್ಲಿ ಇರುತ್ತದೆ. ಎರಡನೇ ವರ್ಷ ಗೋಡೆ ಉಬ್ಬಿದರೆ ಅವರು ಕೇಳುವ ಮೊದಲ ಪ್ರಶ್ನೆ, ಸೀಲೆಂಟ್ ಯಾವಾಗ ನೋಡಿದ್ದಿರಿ? ಸಂಕ್ರಾಂತಿ, ಯುಗಾದಿ, ಜುಲೈ ನಾಲ್ಕು, ದಸರಾ ಹೀಗೆ ನೆನಪಿಗೆ ಗುರುತು ಇಟ್ಟುಕೊಂಡು ಏಣಿ ಹತ್ತಿ. ಫ್ಯಾನ್ ಸುತ್ತ, ಗಾಳಿ ಪೈಪುಗಳ ಸುತ್ತ, ಮುಂದಿನ ಹಿಂದಿನ ಅಂಚು, ಎಲ್ಲವನ್ನೂ ಹತ್ತಿರದಿಂದ ಫೋಟೋ ತೆಗೆಯಿರಿ. ಫೋನಿನ ಫೋಟೋದಲ್ಲಿ ತಾರೀಕು ತಾನೇ ಇರುತ್ತದೆ. ಬಿರುಕು ಕಂಡರೆ ಛಾವಣಿಗೆ ಹೊಂದುವ, ತಾನೇ ಹರಡಿಕೊಳ್ಳುವ ಲ್ಯಾಪ್ ಸೀಲೆಂಟ್ ಹಾಕಿ. ಬಾತ್‌ರೂಮಿನ ಸಿಲಿಕಾನ್ ಹಾಕಬೇಡಿ. ಅದು ರಬ್ಬರ್ ಛಾವಣಿಗೆ ಸರಿಯಾಗಿ ಅಂಟಲ್ಲ, ಅದರ ಮೇಲೆ ಬೇರೆ ಯಾವುದೂ ಅಂಟಲ್ಲ.

ಚಳಿಗಾಲಕ್ಕೆ ಮೊದಲು ಪೈಪಿನ ನೀರು ತೆಗೆದು ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕಿದ್ದಕ್ಕೆ ರಸೀದಿ ಇಡಿ. ಹೆಪ್ಪುಗಟ್ಟಿ ಒಡೆದ ಪೈಪಿಗೆ ವಾರಂಟಿ ಸಿಗುವುದಿಲ್ಲ.

ಚಳಿಯ ರಾಜ್ಯಗಳಲ್ಲಿ ಒಂದು ವರ್ಷದ ವಾರಂಟಿ ಎಂದರೆ ನಿಜವಾಗಿ ಏಳು ತಿಂಗಳು. ಏಪ್ರಿಲ್‌ನಲ್ಲಿ ಕೊಂಡರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಗಾಡಿ ನಿಂತಿರುತ್ತದೆ, ಮತ್ತೆ ತೆಗೆಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲೇ ಪೂರ್ತಿ ಪಟ್ಟಿ ಕೊಟ್ಟುಬಿಡಿ. ಆಗ ಸರ್ವಿಸ್‌ನವರಿಗೂ ಸ್ವಲ್ಪ ಉಸಿರು ಇರುತ್ತದೆ. ಕೆಲಸ ಮುಗಿಯುವುದು ಅವಧಿ ದಾಟಿದ ಮೇಲಾದರೂ ದೂರು ಅವಧಿಯೊಳಗೆ ಬರಹದಲ್ಲಿ ಇರಬೇಕು.

ರಿಕಾಲ್, ಅಂದರೆ ದೋಷ ಇದೆ ಎಂದು ತಯಾರಕರೇ ಗಾಡಿ ವಾಪಸ್ ಕರೆಯುವುದು, ಬೇರೆ ಸಂಗತಿ. ಗಾಡಿಯ ವಿವರ ಹಾಕಿ ರಸ್ತೆ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ವರ್ಷಕ್ಕೆರಡು ಸಲ ನೋಡಿ. ಸುರಕ್ಷತೆಯ ರಿಕಾಲ್ ಇದ್ದರೆ ವಾರಂಟಿ ಮುಗಿದಿದ್ದರೂ ಪುಕ್ಕಟೆ ಮಾಡಿಕೊಡಬೇಕು, ಸೆಕೆಂಡ್ ಹ್ಯಾಂಡ್ ಗಾಡಿಗೂ.

ಮಾತು ನಡೆಯದಿದ್ದರೆ ತಯಾರಕರಿಗೆ ಸರ್ಟಿಫೈಡ್ ಅಂಚೆಯಲ್ಲಿ ಪತ್ರ, ಆಮೇಲೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು. ಅದಕ್ಕೂ ಬಗ್ಗದಿದ್ದರೆ ವಕೀಲರು. ಮ್ಯಾಗ್ನಸನ್ ಮಾಸ್ ಕಾನೂನಿನಲ್ಲಿ ಗೆದ್ದ ಗ್ರಾಹಕರಿಗೆ ವಕೀಲರ ಫೀಸನ್ನೂ ಕೊಡಿಸಲು ಕೋರ್ಟಿಗೆ ಅವಕಾಶ ಇದೆ, ಅದಕ್ಕೇ ಇಂಥ ಕೇಸು ತಗೊಳ್ಳುವ ವಕೀಲರು ಸಿಗುತ್ತಾರೆ.

ನನ್ನದು ಅಲ್ಲಿವರೆಗೆ ಹೋಗಲಿಲ್ಲ. ಒಪ್ಪಿಗೆ, ಪಾರ್ಟ್ಸ್, ಕೆಲಸ ಎಲ್ಲ ಸೇರಿ ಇನ್ನೂ ಮೂರು ವಾರ. ಗಾಡಿ ತರಲು ಹೋದಾಗ ಸಹಿ ಹಾಕಿ ಎಂದು ಕಾಗದ ಮುಂದೆ ತಳ್ಳಿದರು. ಮೊದಲು ಒಂದು ಪೈಪು ಕೊಡಿ ಎಂದೆ. ಅವರ ಅಂಗಳದಲ್ಲೇ ಸ್ಲೈಡ್ ಹೊರಗೆ ಹಾಕಿಸಿ, ಅದೇ ಮೂಲೆಗೆ ಹತ್ತು ನಿಮಿಷ ನೀರು ಬಿಟ್ಟೆವು. ಸರ್ವಿಸ್‌ನ ಹುಡುಗನೂ ನಾನೂ ಒಳಗೆ ಮಂಡಿಯೂರಿ ಕೂತು ನೋಡುತ್ತಿದ್ದೆವು. ಎಂಟನೇ ನಿಮಿಷಕ್ಕೆ ಮತ್ತೆ ಅದೇ ಪಟ್ಟಿಯ ಹಿಂದಿನಿಂದ ಹನಿ. ಅವನು ಏನೂ ಮಾತಾಡದೆ ಎದ್ದು ಗಾಡಿಯನ್ನು ನೇರ ಒಳಗೆ ತಗೊಂಡು ಹೋದ. ಒಂದು ವಾರ ಬಿಟ್ಟು ಮತ್ತೆ ಹೋದೆ, ಅವನೇ ಪೈಪು ಹಿಡಿದು ಕಾಯುತ್ತಿದ್ದ. ಅವತ್ತು ಇಪ್ಪತ್ತು ನಿಮಿಷ ಬಿಟ್ಟೆವು. ಒಣಗಿತ್ತು.